ಪಾಳಿ ಅಂದರೆ ಸರದಿಯಲ್ಲ: ಪುಣೆಯಲ್ಲಿ ಬಸುರಿಯ ಮೊದಲ ಡಾಕ್ಟರ್ ಭೇಟಿ

2011ರ ಮಾತು. ಮದುವೆಯಾಗಿ ಹಾವೇರಿಯಿಂದ ಪುಣೆಗೆ ಬಂದು ಎಂಟು ತಿಂಗಳಾಗಿತ್ತು. ಡಾಕ್ಟರ್ ಮೇಡಂ ನನ್ನ ಹೆಸರು, ವಯಸ್ಸು ಬರೆದುಕೊಂಡು, 'ಶೇವಟ್ಚೀ ಪಾಳೀ ಕಧೀ ಆಲೀ ಹೋತೀ?' ಅಂತ ಕೇಳಿದರು. ನಮ್ಮ ಕಡೆ ಪಾಳಿ ಅಂದರೆ ಸರದಿ. 'ಪಾಳಿ ಹಚ್ಚಿ ನಿಲ್ಲು', 'ನನ್ನ ಪಾಳಿ ಬಂತು' ಅಂತೀವಲ್ಲ, ಅದು. ಶೇವಟ್ ಅಂದರೆ ಕೊನೆ ಅನ್ನೋದು ಅಷ್ಟರಲ್ಲಿ ಗೊತ್ತಾಗಿತ್ತು. ಹೊರಗೆ ನನ್ನ ಹಿಂದೆ ಯಾರೂ ಕೂತಿರಲಿಲ್ಲ. ಹಾಗಾಗಿ ಧೈರ್ಯವಾಗಿ, 'ಹೌದು ಮೇಡಂ, ಕೊನೆಯ ಪಾಳಿ ನನ್ನದೇ, ಹದಿನಾಲ್ಕನೇ ನಂಬರು' ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಮರಾಠಿಯಲ್ಲಿ ಪಾಳಿ ಅಂದರೆ ಮುಟ್ಟೂ ಹೌದು. 'ಕೊನೆಯ ಸಲ ಮುಟ್ಟಾಗಿದ್ದು ಯಾವಾಗ' ಅಂತ ಅವರು ಕೇಳಿದ್ದು.

ಅರ್ಥವಾದ ಮೇಲೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈಗ ಊರಿಂದ ಹೊಸದಾಗಿ ಬಂದ ಹುಡುಗಿಯರು, 'ಅಕ್ಕಾ, ಮೊದಲ ಸಲ ಹೋದಾಗ ಏನು ಮಾಡ್ತಾರೆ? ನೋವಾಗುತ್ತಾ?' ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ: ಮೊದಲ ಭೇಟಿಯಲ್ಲಿ ಮುಕ್ಕಾಲು ಪಾಲು ಮಾತೇ. ಮಷೀನು, ಸೂಜಿ ಎಲ್ಲ ಆಮೇಲೆ. ಡಾಕ್ಟರಿಗೆ ಬೇಕಾಗಿರೋದು ನಿಮ್ಮ ಹಿಂದಿನ ಕಥೆ, ಅದೂ ನಿಮ್ಮ ಬಾಯಿಂದಲೇ. ಗಂಡ, ಅತ್ತೆ, ಫೋನಿನಲ್ಲಿರೋ ಅಮ್ಮ ಯಾರೂ ಅದನ್ನು ನಿಮ್ಮಷ್ಟು ಸರಿಯಾಗಿ ಹೇಳೋಕೆ ಆಗೋದಿಲ್ಲ. ಆದ್ದರಿಂದ ಹೋಗೋ ಮೊದಲು ಉತ್ತರಗಳನ್ನು ಜೋಡಿಸಿಕೊಳ್ಳಿ.

ಯಾವಾಗ ಹೋಗಬೇಕು

ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ ಎರಡು ಗೆರೆ ಬಂತು ಅಂತ ಅವತ್ತೇ ಓಡಬೇಕಿಲ್ಲ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸಾಮಾನ್ಯವಾಗಿ ಆರರಿಂದ ಎಂಟನೇ ವಾರದೊಳಗೆ (ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ) ಕರೆಯುತ್ತಾರೆ. ತೀರಾ ಬೇಗ ಹೋದರೆ ಸೋನೋಗ್ರಫಿಯಲ್ಲಿ (ಸ್ಕ್ಯಾನಿಂಗಿನಲ್ಲಿ) ಏನೂ ಕಾಣೋದಿಲ್ಲ, ಸುಮ್ನೆ ಗಾಬರಿ. ಆದರೆ ಹೊಟ್ಟೆನೋವು ಅಥವಾ ರಕ್ತ ಇದ್ದರೆ, ಹಿಂದೆ ಗರ್ಭಕೋಶದ ಹೊರಗೆ, ಅಂದರೆ ನಳಿಕೆಯಲ್ಲಿ ಬಸಿರು ನಿಂತಿದ್ದರೆ ಕಾಯಬೇಡಿ. ಸಕ್ಕರೆ, ಬಿಪಿ, ಥೈರಾಯ್ಡ್, ಫಿಟ್ಸ್ ಇವುಗಳಲ್ಲಿ ಯಾವುದಕ್ಕಾದರೂ ಮಾತ್ರೆ ನಡೀತಿದ್ದರೂ ಅಷ್ಟೇ. ಮಾತ್ರೆ ತಗೊಳ್ಳೋರು ಇನ್ನೊಂದು ಮಾತು ನೆನಪಿಡಿ. ಬಸಿರು ಅಂತ ಗೊತ್ತಾದ ತಕ್ಷಣ ಹೆದರಿ ಥೈರಾಯ್ಡಿನದೋ ಫಿಟ್ಸಿನದೋ ಮಾತ್ರೆ ನೀವೇ ನಿಲ್ಲಿಸಬೇಡಿ. ಅವತ್ತೇ ಫೋನ್ ಮಾಡಿ ಕೇಳಿ. ಮೊಡವೆಗೆ ಐಸೋಟ್ರೆಟಿನಾಯಿನ್ ಅನ್ನೋ ಮಾತ್ರೆ ತಗೊಳ್ಳುತ್ತಿದ್ದರೆ ಮಾತ್ರ ಅದನ್ನು ಅವತ್ತೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಅದು ಮಗುವಿನ ಬೆಳವಣಿಗೆಗೆ ದೊಡ್ಡ ಅಪಾಯ.

ಫೋಲಿಕ್ ಆ್ಯಸಿಡ್ ಮಾತ್ರೆಯ ಬಗ್ಗೆಯೂ ಅದೇ ಫೋನಿನಲ್ಲಿ ಕೇಳಿ. ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲಿ ಅಂತ ಕೊಡೋದು ಅದು. ಮಗುವಿನ ಬೆನ್ನುಹುರಿಯ ಕೊಳವೆ ಲೆಕ್ಕದ ಆರನೇ ವಾರದ ಹೊತ್ತಿಗೇ ಮುಚ್ಚಿಕೊಂಡುಬಿಡುತ್ತದೆ. ಅಪಾಯಿಂಟ್‌ಮೆಂಟ್ ದಿನದವರೆಗೆ ಕಾದರೆ ತಡವಾಗಬಹುದು. ಸಾಮಾನ್ಯ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಅಂಗಡಿಯಲ್ಲಿ 5 ಮಿಲಿಗ್ರಾಂ ಮಾತ್ರೆಯೂ ಸಿಗುತ್ತದೆ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದವರಿಗೆ, ಫಿಟ್ಸ್ ಔಷಧಿ ತಗೊಳ್ಳೋರಿಗೆ ಅದನ್ನು ಬರೆಯುತ್ತಾರೆ. ಯಾವುದು ನಿಮಗೆ ಅಂತ ಡಾಕ್ಟರೇ ಹೇಳಲಿ.

ಪುಣೆಯಲ್ಲಿ ಹೊಸಬರು ಎಡವೋ ಇನ್ನೊಂದು ಜಾಗ ಅಂದರೆ ಹೊತ್ತು. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಊರಿಗೇ ನಿದ್ದೆ. ಈ ಬಗ್ಗೆ ಪುಣೆಯವರನ್ನು ಗೇಲಿ ಮಾಡೋದು ಮುಂಬೈಯವರ ಹಳೇ ಹವ್ಯಾಸ. ಸಣ್ಣ ಕ್ಲಿನಿಕ್‌ಗಳು ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ತೆರೆಯುತ್ತವೆ. ಆಫೀಸಿನಿಂದ ಊಟದ ಬಿಡುವಿನಲ್ಲಿ ಹೋಗಿಬರ್ತೀನಿ ಅಂದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ. ಒಂಬತ್ತು ತಿಂಗಳು ಓಡಾಡೋ ಜಾಗ ಇದು. ಹೆಸರುವಾಸಿ ಡಾಕ್ಟರು ಅಂತ ಊರಿನ ಇನ್ನೊಂದು ತುದಿಗೆ ಹೋಗೋದಕ್ಕಿಂತ, ರಿಕ್ಷಾದಲ್ಲಿ ಇಪ್ಪತ್ತು ನಿಮಿಷದೊಳಗೆ ಮುಟ್ಟೋ ಒಳ್ಳೆಯ ಡಾಕ್ಟರು ಮೇಲು. ವಾಕಡಿನಲ್ಲಿ ಮನೆ, ಹಡಪಸರಿನಲ್ಲಿ ಡಾಕ್ಟರು ಅಂತ ಮಾಡಿಕೊಂಡವರ ಪಾಡು ನೋಡಿದ್ದೇನೆ. ವಾಂತಿ ಬರೋ ಹೊಟ್ಟೆಯಲ್ಲಿ ಪುಣೆಯ ಟ್ರಾಫಿಕ್ ಯಾರಿಗೂ ಬೇಡ.

ತಾರೀಖು, ತಾರೀಖು, ತಾರೀಖು

ಈಗ ನನ್ನ ಬಳಿ ಉತ್ತರ ಇರಲಿಲ್ಲ ಅಂದೆನಲ್ಲ, ಅದಕ್ಕೆ ಬರೋಣ. ಪಾಳಿ ಅಂದರೆ ಏನು ಅಂತ ತಿಳಿದ ಮೇಲೆ ನಾನು ಹೇಳಿದ್ದು ನೀರು ಹಾಕಿಕೊಂಡ ದಿನ. ನಮ್ಮ ಮನೆಯಲ್ಲಿ ಅಮ್ಮ, ಅಜ್ಜಿ ಎಲ್ಲ ಲೆಕ್ಕ ಇಡುತ್ತಿದ್ದದ್ದೇ ಹಾಗೆ. ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ತಲೆ ಮೇಲೆ ನೀರು ಹಾಕಿಕೊಂಡರೆ ಆ ದಿನ ನೆನಪಿರುತ್ತದೆ. ಡಾಕ್ಟರಿಗೆ ಬೇಕಾಗಿರೋದು ರಕ್ತ ಕಂಡ ಮೊದಲ ದಿನ. ಎರಡರ ನಡುವೆ ನಾಲ್ಕು ದಿನದ ವ್ಯತ್ಯಾಸ ಬಿತ್ತು. ನಾಲ್ಕು ದಿನ ಏನು ಮಹಾ ಅನಿಸಬಹುದು. ಆರನೇ ವಾರದಲ್ಲಿ ನಾಲ್ಕು ದಿನ ಅಂದರೆ ಎದೆಬಡಿತ ಕಾಣೋದಕ್ಕೂ ಕಾಣದೇ ಇರೋದಕ್ಕೂ ಇರೋ ಅಂತರ.

ಆದ್ದರಿಂದ ಮೊದಲ ದಿನದ ತಾರೀಖನ್ನು ಬರೆದಿಟ್ಟುಕೊಳ್ಳಿ. ನೆನಪಿಲ್ಲವಾ? ಯುಗಾದಿಗೆ ಎಷ್ಟು ದಿನ ಮೊದಲು, ಯಾರ ಮದುವೆಗೆ ಹೋಗೋಕೆ ಆಗಲಿಲ್ಲ, ಯಾವ ವಾರ ಆಫೀಸಿಗೆ ರಜೆ ಹಾಕಿದಿರಿ, ಹೀಗೆ ಹಿಂದಕ್ಕೆ ಹೋಗಿ ಹಿಡಿಯಿರಿ. ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತೀರಿ ಅನ್ನೋದನ್ನೂ ಹೇಳಿ. ನಿಮ್ಮದು 28 ದಿನದ ಬದಲು 35 ದಿನದ ಸುತ್ತಾದರೆ ಲೆಕ್ಕವೇ ಒಂದು ವಾರ ಸರಿಯುತ್ತದೆ.

ಈ ವಾರದ ಲೆಕ್ಕ ಎಲ್ಲರನ್ನೂ ಗೊಂದಲ ಮಾಡುತ್ತದೆ. ಬಸಿರಿನ ವಾರ ಎಣಿಸೋದು ಆ ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿದ ದಿನಕ್ಕೇ ನೀವು ನಾಲ್ಕು ವಾರದ ಬಸುರಿ. ನನ್ನ ಗಂಡ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ, 'ಆಗ ನೀನು ಊರಲ್ಲಿದ್ದೆಯಲ್ಲ' ಅಂತ ಮುಖ ಸಣ್ಣ ಮಾಡಿದ್ದು ಇನ್ನೂ ನೆನಪಿದೆ. ಪಾಪ, ಯಾರೂ ಅವರಿಗೆ ಹೇಳಿರಲಿಲ್ಲ. ಹೆರಿಗೆಯ ದಿನ ಅಂತ ಬರೆಯೋದು ಅಲ್ಲಿಂದ 280ನೇ ದಿನ. ಸುಲಭದ ದಾರಿ ಅಂದರೆ ಒಂಬತ್ತು ತಿಂಗಳು ಏಳು ದಿನ ಕೂಡಿಸೋದು. ಜನವರಿ 10ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 17. ಸರಿಯಾಗಿ ಅದೇ ದಿನ ಹೆರುವವರು ನೂರರಲ್ಲಿ ನಾಲ್ಕೈದು ಜನ ಮಾತ್ರ, ಅಮ್ಮನಿಗೆ ಟಿಕೆಟ್ ಮಾಡಿಸುವಾಗ ಇದು ತಲೆಯಲ್ಲಿರಲಿ. ಮೊದಲ ಸೋನೋಗ್ರಫಿಯ ಅಳತೆ ನೋಡಿ ಡಾಕ್ಟರು ಈ ತಾರೀಖನ್ನು ತಿದ್ದಲೂಬಹುದು. ಮೊದಲ ಮೂರು ತಿಂಗಳಲ್ಲಿ ಅಳೆದದ್ದೇ ಹೆಚ್ಚು ನಂಬಿಕೆಯದು.

ನಮ್ಮಲ್ಲಿ 'ಎರಡು ತುಂಬಿ ಮೂರಕ್ಕೆ ಬಿತ್ತು' ಅಂತೀವಿ, ಇಲ್ಲಿಯವರು 'ತಿಸರಾ ಲಾಗಲಾ' ಅಂತಾರೆ. ಹಾಗೆ ಹೇಳಿದರೂ ಡಾಕ್ಟರು ವಾರಕ್ಕೇ ತಿರುಗಿಸಿ ಬರೆದುಕೊಳ್ಳುತ್ತಾರೆ. ಇನ್ನೊಂದು ಮಾತು. ಮರಾಠಿಯವರು 'ಬಾಳಂತಪಣ್ ಕುಠೇ ಕರಣಾರ್' ಅಂತ ಕೇಳಿದರೆ, ಬಾಣಂತನ ಎಲ್ಲಿ ಅಂತ ತಿಳಿದು 'ತವರಲ್ಲಿ' ಅಂದುಬಿಡಬೇಡಿ. ಅವರು ಕೇಳೋದು ಹೆರಿಗೆ ಎಲ್ಲಿ ಅಂತ. ಹೆರಿಗೆ ಪುಣೆಯಲ್ಲಿ, ಬಾಣಂತನ ಊರಲ್ಲಿ ಅನ್ನೋರು ಬಿಡಿಸಿ ಹೇಳಬೇಕು.

ಕೇಳೋ ಪ್ರಶ್ನೆಗಳು

ತಾರೀಖಾದ ಮೇಲೆ ಕೇಳೋದು: ಇದು ಎಷ್ಟನೇ ಬಸಿರು, ಹಿಂದೆ ಇಳಿದಿತ್ತಾ, ತೆಗೆಸಿದ್ದಿರಾ, ಹೆರಿಗೆ ನಾರ್ಮಲ್ಲಾ ಸಿಸೇರಿಯನ್ನಾ. ಫೈಲಿನ ಮೇಲೆ ಜಿ, ಪಿ, ಎಲ್, ಎ ಅಂತ ಅಕ್ಷರ ಬರೆದು ಪಕ್ಕದಲ್ಲಿ ಅಂಕಿ ಹಾಕುತ್ತಾರೆ. ಜಿ ಅಂದರೆ ಈಗಿನದ್ದೂ ಸೇರಿ ಎಷ್ಟು ಸಲ ಬಸುರಿಯಾಗಿದ್ದೀರಿ, ಪಿ ಹೆರಿಗೆ, ಎಲ್ ಬದುಕಿರೋ ಮಕ್ಕಳು, ಎ ಅಂದರೆ ಇಳಿದದ್ದು ಅಥವಾ ತೆಗೆಸಿದ್ದು.

ಇಲ್ಲಿ ಸುಳ್ಳು ಹೇಳಬೇಡಿ. ಮದುವೆಗೆ ಮೊದಲಿನದ್ದೇ ಆಗಲಿ, ಮನೆಯವರಿಗೆ ಗೊತ್ತಿಲ್ಲದ್ದೇ ಆಗಲಿ, ಡಾಕ್ಟರಿಗೆ ಗೊತ್ತಿರಬೇಕು. ಉದಾಹರಣೆಗೆ ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ, ಹಿಂದೆ ಇಳಿದ ಬಸಿರಿನ ಸುದ್ದಿ ಈ ಮಗುವಿನ ಮಟ್ಟಿಗೆ ದೊಡ್ಡ ವಿಷಯ. 'ಮೇಡಂ, ಸ್ವಲ್ಪ ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು' ಅಂದರೆ ಸಾಕು. ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತಾರೆ. ಅವರಿಗೆ ಇದು ಹೊಸದಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅದನ್ನು ಹೇಳೋದಕ್ಕೂ ಅದೇ ಹೊತ್ತು.

'ನಾತ್ಯಾತ್ ಲಗ್ನ ಝಾಲಂಯ್ ಕಾ?' ಅಂತಲೂ ಕೇಳುತ್ತಾರೆ. ಸಂಬಂಧದಲ್ಲೇ ಮದುವೆಯಾ ಅಂತ. ನಮ್ಮಲ್ಲಿ ಸೋದರಮಾವನನ್ನೇ ಮದುವೆಯಾಗೋದು ಮೊನ್ನೆ ಮೊನ್ನೆಯವರೆಗೂ ನಡೆದುಬಂದಿದೆ, ಅಲ್ವಾ? ಇಲ್ಲಿ ಮಾವನ ಮಗಳನ್ನು ತಂದುಕೊಳ್ಳೋದುಂಟು, ಆದರೆ ಅಕ್ಕನ ಮಗಳನ್ನು ಕಟ್ಟಿಕೊಳ್ಳೋದು ಅನೇಕರ ಕಿವಿಗೆ ವಿಚಿತ್ರ. ನನ್ನ ಪರಿಚಯದ ಹುಡುಗಿಯೊಬ್ಬಳು ನಾಚಿಕೆಯಾಗಿ 'ಇಲ್ಲ' ಅಂದುಬಂದಳು. ಆಮೇಲೆ ಮನಸ್ಸು ಕೊರೆದು ಎರಡನೇ ಸಲ ಹೇಳಿದಳು. ಡಾಕ್ಟರು ಬೈಯಲಿಲ್ಲ, ಒಂದೆರಡು ಪರೀಕ್ಷೆ ಸೇರಿಸಿದರು, ಅಷ್ಟೇ. ಒಂದೇ ಮನೆತನದಲ್ಲಿ ಅಡಗಿರೋ ಕೆಲವು ಕಾಯಿಲೆಗಳು ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಕೂಡಿಕೊಳ್ಳಬಹುದು ಅಂತ ಕೇಳೋದು. ನಾಚಿಕೊಳ್ಳೋ ವಿಷಯ ಅಲ್ಲ.

ಅಭ್ಯಾಸಗಳನ್ನೂ ಕೇಳುತ್ತಾರೆ. ಮಿಶ್ರಿ ಅಂದರೆ ಹೊಗೆಸೊಪ್ಪನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ಉಜ್ಜೋದು. ಈ ಕಡೆ ಹೆಂಗಸರಲ್ಲಿ ಬಹಳ ಇದೆ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳೂ ಇಲ್ಲಿ ಕಲಿತುಬಿಡುತ್ತಾರೆ. 'ಹಲ್ಲುಜ್ಜೋ ಪುಡಿ ತಾನೇ' ಅಂದುಕೊಂಡು ಯಾರೂ ಡಾಕ್ಟರಿಗೆ ಹೇಳೋದಿಲ್ಲ. ಅದೂ ತಂಬಾಕೇ, ಹೇಳಿ. ಊರಿಂದ ಅತ್ತೆ ಕಳಿಸಿದ ಕಷಾಯದ ಪುಡಿ, ನಾಟಿ ಔಷಧಿ ಏನೇ ಇದ್ದರೂ ಪೊಟ್ಟಣ ಸಮೇತ ತೋರಿಸಿ.

ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬಾರದು ಅನ್ನೋದು ನಮ್ಮ ಮನೆಗಳಲ್ಲಿ ಇದ್ದದ್ದೇ. ಇರಲಿ. ಡಾಕ್ಟರು ಆ ಲೆಕ್ಕಕ್ಕೆ ಬರೋದಿಲ್ಲ.

ಭಾಷೆಗೆ ಹೆದರಬೇಡಿ. ಹಿಂದಿ ನಡೆಯುತ್ತದೆ, ಇಂಗ್ಲಿಷ್ ನಡೆಯುತ್ತದೆ. ಆದರೆ ಸಿಸ್ಟರು, ಆಯಾ ಮಾತಾಡೋದು ಮರಾಠಿಯೇ. ಆಯಾಗೆ ಇಲ್ಲಿ 'ಮಾವಶಿ' ಅಂತಾರೆ, ಅಂದರೆ ಚಿಕ್ಕಮ್ಮ. ಹಾಗೆ ಕರೆದು ನೋಡಿ, ಕೆಲಸ ಸಲೀಸು. 'ಮಳಮಳ್' ಅಂದರೆ ವಾಕರಿಕೆ. 'ಲಘವಿ' ಅಂದರೆ ಮೂತ್ರ, ಉರಿ ಇದ್ದರೆ 'ಲಘವೀಲಾ ಜಳಜಳ್'. 'ಅಂಗಾವರ್ ಜಾತಂಯ್' ಅಂದರೆ ಬಿಳಿ ಹೋಗುತ್ತಿದೆ, ರಕ್ತವಾದರೆ 'ರಕ್ತ ಜಾತಂಯ್' ಅಂತ ಬಿಡಿಸಿಯೇ ಹೇಳಿ. 'ಉಪಾಶಿ ಪೋಟೀ ಯಾ' ಅಂದರೆ ಖಾಲಿ ಹೊಟ್ಟೆಯಲ್ಲಿ ಬನ್ನಿ.

ತೂಕ, ಎತ್ತರ, ಬಿಪಿ ನೋಡೋದು ಎರಡು ನಿಮಿಷದ ಕೆಲಸ. ತೊಂದರೆ ಏನೂ ಇಲ್ಲದಿದ್ದರೆ ಮೊದಲ ಸಲವೇ ಕೈ ಹಾಕಿ ಒಳಪರೀಕ್ಷೆ ಮಾಡೋದು ಕಡಿಮೆ. ಮಾಡಬೇಕಾಗಿ ಬಂದರೆ ಯಾಕೆ ಅಂತ ಕೇಳಿ, ಇನ್ನೊಬ್ಬ ಹೆಂಗಸು ಜೊತೆಗಿರಲಿ ಅಂತಲೂ ಕೇಳಿ.

ಸೋನೋಗ್ರಫಿ ಅಂದರೆ ನಮ್ಮ ಸ್ಕ್ಯಾನಿಂಗೇ

ಊರಲ್ಲಿ ನಾವು ಸ್ಕ್ಯಾನಿಂಗ್ ಅನ್ನೋದನ್ನು ಇಲ್ಲಿ ಎಲ್ಲರೂ ಸೋನೋಗ್ರಫಿ ಅಂತಾರೆ. ಕೆಲವು ಡಾಕ್ಟರ ಹತ್ತಿರ ಅಲ್ಲೇ ಮಷೀನು ಇರುತ್ತದೆ, ಇಲ್ಲದಿದ್ದರೆ ಚೀಟಿ ಬರೆದು ಬೇರೆ ಸೆಂಟರಿಗೆ ಕಳಿಸುತ್ತಾರೆ. ಆ ಚೀಟಿಯನ್ನು ಚಿನ್ನದ ಹಾಗೆ ಇಟ್ಟುಕೊಳ್ಳಿ. ನಾನು ಅದನ್ನು ಮನೆಯ ಮೇಜಿನ ಮೇಲೆ ಬಿಟ್ಟು ಹೋಗಿದ್ದೆ. ಹೊಟ್ಟೆ ತುಂಬ ನೀರು ಕುಡಿದು ಮುಕ್ಕಾಲು ಗಂಟೆ ಕೂತ ಮೇಲೆ, 'ಚೀಟಿ ಇಲ್ಲದೆ ಮಾಡೋದಿಲ್ಲ' ಅಂತ ವಾಪಸ್ ಕಳಿಸಿದರು. ಅವತ್ತು ಕೋಪ ನೆತ್ತಿಗೇರಿತ್ತು. ಮೊದಲೇ ಹೇಳಬಾರದಿತ್ತಾ ಅಂತ ಈಗಲೂ ಅನಿಸುತ್ತದೆ. ಆದರೆ ನಿಯಮ ಅವರ ಕಡೆಗಿತ್ತು.

ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡೋದನ್ನು ತಡೆಯೋಕೆ ದೇಶದಲ್ಲೇ ಮೊದಲು ಕಾನೂನು ತಂದದ್ದು ಮಹಾರಾಷ್ಟ್ರ, 1988ರಲ್ಲಿ. ದೇಶಕ್ಕೆಲ್ಲ ಅನ್ವಯಿಸೋ ಕಾನೂನು ಬಂದದ್ದು 1994ರಲ್ಲಿ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಅದರಂತೆ ಪ್ರತಿ ಬಸುರಿಯ ಸೋನೋಗ್ರಫಿಗೂ ಫಾರ್ಮ್ ಎಫ್ ಅಂತ ಒಂದು ಅರ್ಜಿ ತುಂಬಬೇಕು. ನಿಮ್ಮ ಹೆಸರು, ವಿಳಾಸ, ಗಂಡನ ಹೆಸರು, ಇರೋ ಮಕ್ಕಳು ಎಷ್ಟು, ಯಾರು ಕಳಿಸಿದರು, ಎಲ್ಲ ಅದರಲ್ಲಿ. 'ಮಗು ಗಂಡೋ ಹೆಣ್ಣೋ ತಿಳಿಯೋ ಇಚ್ಛೆ ನನಗಿಲ್ಲ' ಅನ್ನೋ ಮಾತಿಗೆ ನೀವು ಸಹಿ ಹಾಕಬೇಕು. ಎಷ್ಟು ಮಕ್ಕಳು, ಹೆಣ್ಣೆಷ್ಟು ಅಂತ ಕೇಳಿದಾಗ ನಿಮ್ಮ ಮೇಲೆ ಅನುಮಾನ ಅಂತ ತಿಳಿಯಬೇಡಿ, ಎಲ್ಲರನ್ನೂ ಕೇಳುತ್ತಾರೆ. ಆಧಾರ್ ಕಾರ್ಡಿನ ಝೆರಾಕ್ಸ್ ಒಯ್ಯಿರಿ. ಕಾರ್ಡಿನಲ್ಲಿ ಹಾವೇರಿಯ ವಿಳಾಸ ಇದ್ದರೆ ಇಲ್ಲಿಯ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ಲನ್ನೂ ಜೊತೆಗಿಟ್ಟುಕೊಳ್ಳಿ. ಒಳಗೆ ತಮಾಷೆಗೂ 'ಏನು ಮಗು ಮೇಡಂ' ಅನ್ನಬೇಡಿ. ಕೇಳಿದವರಿಗೂ ಜೈಲಿನ ಶಿಕ್ಷೆ ಇರೋ ಕಾನೂನು ಇದು.

ಯಾರೂ ನನಗೆ ಹೇಳದೇ ಇದ್ದ ಇನ್ನೊಂದು ವಿಷಯ ಇದೆ. ಆರೇಳು ವಾರದಲ್ಲಿ ಹೊಟ್ಟೆಯ ಮೇಲಿಂದ ಸರಿಯಾಗಿ ಕಾಣದೇ ಇರಬಹುದು. ಆಗ ಒಳಗಿನಿಂದ ಮಾಡುತ್ತಾರೆ. ತೆಳ್ಳಗಿನ ಕಡ್ಡಿಯಂಥ ಸಾಧನಕ್ಕೆ ಹೊಸ ಕವರು ಹಾಕಿ, ಜೆಲ್ ಹಚ್ಚಿ, ಯೋನಿಯೊಳಗೆ ಸ್ವಲ್ಪ ದೂರ ಇಡುತ್ತಾರೆ. ಮೇಲಿಂದ ಮಾಡೋದಕ್ಕೆ ಮೂತ್ರಕೋಶ ತುಂಬಿರಬೇಕು, ಒಳಗಿನಿಂದ ಮಾಡೋದಕ್ಕೆ ಖಾಲಿ ಇರಬೇಕು. ನೋವು ಅನ್ನೋದಕ್ಕಿಂತ ಒಂಥರಾ ಮುಜುಗರ. ಮಗುವಿಗೆ ಏನೂ ಆಗೋದಿಲ್ಲ, ಗರ್ಭಕೋಶದ ಬಾಯಿಯನ್ನು ಅದು ದಾಟೋದೇ ಇಲ್ಲ. ಬೇಡ ಅನಿಸಿದರೆ ಮೇಲಿಂದಲೇ ಪ್ರಯತ್ನಿಸಿ ಅಂತ ಕೇಳಬಹುದು. ಸಡಿಲವಾದ ಚೂಡಿದಾರ ಅಥವಾ ಸೀರೆ ಉಟ್ಟು ಹೋಗಿ. ಬಿಗಿಯಾದ ಜೀನ್ಸ್ ಬೇಡ.

ಅಲ್ಲಿ ನೋಡೋದು ಮೂರು ವಿಷಯ. ಬಸಿರು ಗರ್ಭಕೋಶದೊಳಗೇ ನಿಂತಿದೆಯಾ, ಒಂದೋ ಎರಡೋ, ಎದೆಬಡಿತ ಇದೆಯಾ. ಇಲ್ಲಿ 'ಬಾಳಾಚೇ ಠೋಕೇ' ಅಂತಾರೆ. ನನ್ನ ಮೊದಲ ಸೋನೋಗ್ರಫಿಯಲ್ಲಿ ಚೀಲ ಕಂಡಿತು, ಠೋಕೇ ಕಾಣಲಿಲ್ಲ. ನನ್ನ ಮುಟ್ಟಿನ ಸುತ್ತು ಉದ್ದ ಇದ್ದದ್ದರ ಫಲ. ಹನ್ನೊಂದು ದಿನ ಬಿಟ್ಟು ಬನ್ನಿ ಅಂದರು. ಆ ಹನ್ನೊಂದು ದಿನ ನಾನು ಮಾಡಿದ ಸಾರಿಗೆ ಒಂದು ದಿನವೂ ಉಪ್ಪು ಸರಿಬೀಳಲಿಲ್ಲ. ಎರಡನೇ ಸಲ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಬಿಳುಪು, ಅದರ ನಡುವೆ ಏನೋ ಪಟಪಟ ಮಿಣುಕುತ್ತಿತ್ತು. ಮಾವಶಿ ನನ್ನ ಕೈ ಅದುಮಿದರು.

ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಹೇಳೋದಿಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 20 ಇಳಿದುಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಬಹುಪಾಲು ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರುತ್ತದೆ. ನೀವು ಮೆಟ್ಟಿಲು ಹತ್ತಿದ್ದಕ್ಕೋ, ತುಂಡು ಪಪ್ಪಾಯಿ ತಿಂದದ್ದಕ್ಕೋ, ಸ್ಕೂಟಿ ಓಡಿಸಿದ್ದಕ್ಕೋ ಅಲ್ಲ. ಇದನ್ನು ನನ್ನ ಎರಡನೇ ಬಸಿರು ಇಳಿದಾಗ ಅದೇ ಮೇಡಂ ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ನನಗೆ ಕೇಳಿಸಿತು.

ರಕ್ತದ ಚೀಟಿ

ರಕ್ತ ಪರೀಕ್ಷೆಯ ಪಟ್ಟಿ ಉದ್ದ ಕಂಡು ಹೆದರಬೇಡಿ. ಒಂದೇ ಸಲ ಚುಚ್ಚಿ ಎರಡು ಮೂರು ಬಾಟಲಿ ತುಂಬಿಕೊಳ್ಳುತ್ತಾರೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ಜೊತೆಗೆ ಮೂತ್ರ. ಎಚ್‌ಐವಿ ಹೆಸರು ನೋಡಿ ಕೆಲವರ ಮನೆಯಲ್ಲಿ ರಂಪ ಆಗುತ್ತದೆ. ಅದು ಎಲ್ಲ ಬಸುರಿಯರಿಗೂ ಬರೆಯೋದು. ಮೊದಲೇ ತಿಳಿದರೆ ಮಗುವಿಗೆ ಹೋಗದಂತೆ ತಡೆಯೋ ಔಷಧಿ ಇದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಕಬ್ಬಿಣದ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಶುರು. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಚಹಾದ ಜೊತೆ ನುಂಗಬೇಡಿ, ಮೈಗೆ ಹತ್ತೋದಿಲ್ಲ. ಸಕ್ಕರೆಗೆ 75 ಗ್ರಾಂ ಗ್ಲೂಕೋಸ್ ಕರಗಿಸಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯೋದುಂಟು. ವಾಕರಿಕೆ ಇದ್ದವರಿಗೆ ಇದೇ ದೊಡ್ಡ ಶಿಕ್ಷೆ. ನಿಂಬೆಹಣ್ಣು ಮೂಸುತ್ತಾ ಕೂತಿದ್ದೆ ನಾನು. ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಥಲಸ್ಸೀಮಿಯಾ ಅಂದರೆ ವಂಶದಲ್ಲಿ ಬರೋ ರಕ್ತದ ಕಾಯಿಲೆ. ಅದರ ಪರೀಕ್ಷೆ ಬರೆದರೆ ಬೇಡ ಅನ್ನಬೇಡಿ. ನಿಮ್ಮಲ್ಲಿ ಅದರ ಅಂಶ ಇದ್ದರೆ ಗಂಡನನ್ನೂ ಪರೀಕ್ಷಿಸುತ್ತಾರೆ. ಇಬ್ಬರಲ್ಲೂ ಇದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತದ ಗುಂಪು ನೆಗೆಟಿವ್ ಬಂದವರು ಗಂಡನ ಗುಂಪನ್ನೂ ಹೇಳಿ, ಮುಂದೆ 28ನೇ ವಾರದ ಸುಮಾರಿಗೆ ಒಂದು ಇಂಜೆಕ್ಷನ್ ಬೇಕಾಗಬಹುದು.

ದುಡ್ಡು, ಕಾರ್ಡು, ತವರು

ಖಾಸಗಿ ಕಡೆ ಹೋದರೆ ಮೊದಲ ದಿನವೇ 'ನಾವ್ ನೋಂದಣಿ' ಮಾತು ಬರಬಹುದು. ಹೆರಿಗೆಗೆ ಅಲ್ಲೇ ಹೆಸರು ಬರೆಸೋದು ಅಂತ. ಅವತ್ತೇ ದುಡ್ಡು ಕಟ್ಟಬೇಕಿಲ್ಲ. ಒಟ್ಟು ಖರ್ಚೆಷ್ಟು, ಮಗುವಿಗೆ ತೊಂದರೆಯಾದರೆ ಹಸುಗೂಸುಗಳ ತುರ್ತು ಘಟಕ, ಅಂದರೆ ಎನ್‌ಐಸಿಯು ಅಲ್ಲೇ ಇದೆಯಾ, ರಾತ್ರಿ ಡಾಕ್ಟರು ಇರುತ್ತಾರಾ, ಇಷ್ಟು ಕೇಳಿಕೊಂಡು ಬನ್ನಿ. ಕಂಪನಿಯ ವಿಮೆ ಇರೋರು ಹೆರಿಗೆಗೆ ಎಷ್ಟು ಮಿತಿ ಅಂತ ಎಚ್‌ಆರ್‌ನವರನ್ನು ವಿಚಾರಿಸಿ.

ಸರ್ಕಾರಿ ಕಡೆ ಹೋಗೋರಿಗೆ ಪುಣೆ ಸ್ಟೇಷನ್ ಹತ್ತಿರ ಸಸೂನ್ ಇದೆ, ಮಹಾನಗರಪಾಲಿಕೆಯ ಕಮಲಾ ನೆಹರೂ ಆಸ್ಪತ್ರೆ ಇದೆ, ಪಿಂಪ್ರಿಯಲ್ಲಿ ವೈಸಿಎಂ ಇದೆ. ಬೆಳಗ್ಗೆ ಬೇಗ ಹೋಗಿ ಮೊದಲು 'ಕೇಸ್ ಪೇಪರ್' ಮಾಡಿಸಬೇಕು, ಇಲ್ಲಿ ಮಾತ್ರ ನಮ್ಮ ಅರ್ಥದ ಪಾಳಿಯೇ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. 2016ರಿಂದ ಶುರುವಾದದ್ದು. ಇಲ್ಲಿಯ ರೇಷನ್ ಕಾರ್ಡ್ ಇಲ್ಲ ಅಂತ ಮನೆಯಲ್ಲೇ ಕೂರಬೇಡಿ. ಏರಿಯಾದ ಅಂಗನವಾಡಿ ಸೇವಿಕೆ ಅಥವಾ ಆಶಾ ಕಾರ್ಯಕರ್ತೆಯನ್ನು ಹಿಡಿದು ಹನ್ನೆರಡು ವಾರದೊಳಗೆ ಹೆಸರು ಬರೆಸಿ. ಮಾತಾ ಬಾಲ ಸಂರಕ್ಷಣ ಕಾರ್ಡ್ ಕೊಡುತ್ತಾರೆ. ನಮ್ಮ ಕಡೆ ತಾಯಿ ಕಾರ್ಡ್ ಅಂತೀವಲ್ಲ, ಅದೇ ಕೆಲಸದ್ದು. ಮೊದಲ ಮಗುವಿಗೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿಗೆ ಅರ್ಜಿ ಹಾಕೋ ದಾರಿಯೂ ಇವರ ಮೂಲಕವೇ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಕುಬಸ ಆದ ಮೇಲೆ ತವರಿಗೆ ಹೋಗಿ ಹೆರೋರು ಅದನ್ನು ಮೊದಲ ದಿನವೇ ಹೇಳಿಬಿಡಿ. ಡಾಕ್ಟರು ಮುನಿಸಿಕೊಳ್ಳೋದಿಲ್ಲ. ಇಲ್ಲಿ ಮಾಹೇರಿಗೆ ಹೋಗಿ ಹೆರೋದು ನಮ್ಮಷ್ಟೇ ಹಳೇ ಪದ್ಧತಿ. ಫೈಲು ನಿಮ್ಮ ಕೈಯಲ್ಲೇ ಇರಬೇಕು, ಪ್ರತಿ ಕಾಗದದ ಫೋಟೋ ಮೊಬೈಲಿನಲ್ಲಿರಬೇಕು. ಈಗಲೇ ಹುಬ್ಬಳ್ಳಿಗೆ ಹೋಗಿಬರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ನಡುವೆ ಖಂಬಾಟಕಿ ಘಾಟು. ಬಸಿರು ಸರಿಯಾದ ಜಾಗದಲ್ಲಿ ನಿಂತಿದೆ ಅಂತ ಸೋನೋಗ್ರಫಿಯಲ್ಲಿ ಕಂಡ ಮೇಲೆ ಕೇಳಿ ಹೊರಡಿ. ನನ್ನನ್ನು ಕೇಳಿದರೆ ಬಸ್ಸಿಗಿಂತ ರೈಲು. ಕಾಲು ಚಾಚಬಹುದು, ಶೌಚಾಲಯ ಇದೆ.

ಹೊರಡೋ ಮೊದಲು ಮುಂದಿನ ತಾರೀಖು ಬರೆಸಿಕೊಳ್ಳಿ. ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರ ಅಳೆಯೋ ಎನ್‌ಟಿ ಸೋನೋಗ್ರಫಿ 11ನೇ ವಾರದಿಂದ 13 ವಾರ 6 ದಿನದೊಳಗೇ ಆಗಬೇಕು, ಅದರ ಜೊತೆ ಡಬಲ್ ಮಾರ್ಕರ್ ಅಂತ ರಕ್ತ ಪರೀಕ್ಷೆ. ಊರಿನ ಜಾತ್ರೆಗೆ ಹೋಗಿ ಆ ಹೊತ್ತು ತಪ್ಪಿಸಿಕೊಂಡರೆ ಮತ್ತೆ ಸಿಗೋದಿಲ್ಲ.

ಇನ್ನು ಡಾಕ್ಟರ ಫೋನ್ ನಂಬರಿನ ಜೊತೆಗೆ, ರಾತ್ರಿ ಹಗಲು ತೆರೆದಿರೋ ಹತ್ತಿರದ ಆಸ್ಪತ್ರೆಯ ಹೆಸರನ್ನೂ ಅವತ್ತೇ ಕೇಳಿ. ಪ್ಯಾಡ್ ತೋಯುವಷ್ಟು ರಕ್ತ, ಹೊಟ್ಟೆಯ ಒಂದೇ ಬದಿಗೆ ಚುಚ್ಚೋ ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತಿ ಬೀಳೋದು, ಜ್ವರ, ನೀರೂ ನಿಲ್ಲದಷ್ಟು ವಾಂತಿ, ಎಂಟು ಗಂಟೆ ಕಳೆದರೂ ಮೂತ್ರ ಬಾರದಿರೋದು, ಇವುಗಳಲ್ಲಿ ಯಾವುದಾದರೂ ಮಧ್ಯಾಹ್ನ ಎರಡಕ್ಕೆ ಶುರುವಾದರೆ ಕ್ಲಿನಿಕ್ ಸಂಜೆ ಐದಕ್ಕೆ ತೆರೆಯಲಿ ಅಂತ ಕೂರಬೇಡಿ. ರಿಕ್ಷಾ ಹಿಡಿದು ನೇರ ಆ ಆಸ್ಪತ್ರೆಗೆ ಹೋಗಿ. ಎದ್ದು ನಿಲ್ಲೋಕೆ ಆಗದಿದ್ದರೆ 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯ ಮರಾಠಿ ಆಂಟಿಯ ಬಾಗಿಲು ಬಡಿಯಿರಿ. ಒಂದರಿಂದ ನಾಲ್ಕರ ನಿದ್ದೆ ಕೆಟ್ಟರೂ ಅವರು ಎದ್ದು ಬರುತ್ತಾರೆ.